ರೊಟ್ಟಿಯಂತ್ರವೂ ನಮ್ಮತ್ತೆಯೂ

ಯಂತ್ರ ಮಾಡಿದ ಅಡಿಗೆಗೆ ರುಚಿಯಿಲ್ಲವೆಂಬುದು ನಮ್ಮತ್ತೆಯವರ ಬಹುಕಾಲದ ಸಿದ್ಧಾಂತ. ಮಿಕ್ಸಿಯಲ್ಲಿ ತಿರುವಿದ ಚಟ್ನಿಯನ್ನು ಅವರು ಚಟ್ನಿಯೆಂದು ಒಪ್ಪಿದವರೇ ಅಲ್ಲ. ಕಾರ್ಕಳದ ಹತ್ತಿರದ ಅವರ ಮನೆಗೆ ಗ್ರೈಂಡರು ಬಂದ ಮೇಲೂ ಹಬ್ಬದ ದಿನ ಕಡೆಯುವ ಕಲ್ಲೇ ಆಗಬೇಕು. ಅಂಥವರು ಈಗ ರಾಮಕೃಷ್ಣಪುರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ಪ್ರತಿ ಭಾನುವಾರ ಒಂದು ಯಂತ್ರದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅದರ ಮುಚ್ಚಳ ತೆಗೆಸುತ್ತಾರೆ, ಬೈಯುತ್ತಾರೆ, ಹೊಗಳುತ್ತಾರೆ. ಇದು ಹೇಗಾಯಿತೆಂಬುದನ್ನು ಹೇಳಬೇಕೆನಿಸಿದೆ. ಊರಿನಿಂದ ಹಿರಿಯರನ್ನು ಕರೆತಂದು ಈ ದಿಲ್ಲಿಯ ಚಳಿಯಲ್ಲಿ ಇಟ್ಟುಕೊಂಡಿರುವ ನಮ್ಮವರು ಅನೇಕರಿದ್ದಾರೆ. ಅವರಿಗೆ ನನ್ನ ಕಥೆ ಹೊಸದೇನೂ ಅಲ್ಲದಿರಬಹುದು.

ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, 2006ರಲ್ಲಿ ಗುಮಾಸ್ತೆಯಾಗಿ ದಿಲ್ಲಿಗೆ ಬಂದವಳು ನಾನು. ನಮ್ಮ ಯಜಮಾನರಿಗೆ ಗುರುಗ್ರಾಮದಲ್ಲಿ ಖಾಸಗಿ ಕಂಪನಿಯ ಕೆಲಸ. ಮಗಳು ಒಂಬತ್ತನೆಯ ತರಗತಿ. ಮಾವನವರು 2023ರಲ್ಲಿ ತೀರಿಕೊಂಡ ಮೇಲೆ ಅತ್ತೆಯೊಬ್ಬರನ್ನೇ ಆ ದೊಡ್ಡ ಮನೆಯಲ್ಲಿ ಬಿಡಲು ಮನಸ್ಸಾಗದೆ ಇಲ್ಲಿಗೆ ಕರೆತಂದೆವು. ಮಹಿಳಾ ನೌಕರರು ತಂದೆತಾಯಿಯ ಬದಲು ಅತ್ತೆಮಾವಂದಿರ ಹೆಸರು ಸೇರಿಸಬಹುದೆಂಬ ನಿಯಮವಿದೆಯಲ್ಲ, ಅದರಂತೆ ನನ್ನ ಸಿ.ಜಿ.ಎಚ್.ಎಸ್. ಕಾರ್ಡಿಗೆ ಅವರ ಹೆಸರು ಸೇರಿತು. ಆಗಲೇ ಅವರ ಕೈ ಸಣ್ಣಗೆ ನಡುಗುತ್ತಿತ್ತು. ವೈದ್ಯರು ನೋಡಿ ಪಾರ್ಕಿನ್ಸನ್ ಎಂದರು. ಮಾತ್ರೆ ಬರೆದುಕೊಟ್ಟರು, ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು.

ಮೊದಲಿನ ಕೆಲವು ತಿಂಗಳು ಅತ್ತೆ ಅಡಿಗೆಮನೆಯಲ್ಲೇ ಇದ್ದರು. ಒಂದು ದಿನ ಬೆಳಿಗ್ಗೆ, ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಅವರ ಕೈಯಿಂದ ಸಾರಿನ ಪಾತ್ರೆ ಜಾರಿ ಬಿತ್ತು. ಯಾರಿಗೂ ಸುಡಲಿಲ್ಲ, ಪುಣ್ಯ. ನೆಲ ಒರೆಸುತ್ತಾ ನಾನು, "ನೀವು ಕೂತಿರಿ ಅತ್ತೆ, ಎಲ್ಲ ನಾನು ಮಾಡಿಕೊಳ್ಳುತ್ತೇನೆ" ಎಂದೆ. ಒಳ್ಳೆಯ ಮಾತೆಂದೇ ತಿಳಿದು ಆಡಿದ್ದು. ಆದರೆ ಹಾಜರಿ ಯಂತ್ರಕ್ಕೆ ಬೆರಳು ಒತ್ತಲು ತಡವಾಗುತ್ತದೆಂಬ ಅವಸರ ದನಿಯಲ್ಲಿ ಇತ್ತೋ ಏನೋ. ಅತ್ತೆ ಹೋಗಿ ಕೂತರು. ಕೂತವರು ಕೂತೇ ಬಿಟ್ಟರು. ಐವತ್ತು ವರ್ಷ ಒಂದು ಮನೆಯ ಒಲೆ ಆಳಿದ ಹೆಂಗಸು ನಮ್ಮ ಎರಡು ಕೋಣೆಯ ಮನೆಯಲ್ಲಿ ಅಡಿಗೆಮನೆಯ ಹೊಸ್ತಿಲು ದಾಟುವುದನ್ನು ನಿಲ್ಲಿಸಿದರು. ಬಡಿಸಿದ್ದನ್ನು ಊಟ ಮಾಡುವರು, "ಚೆನ್ನಾಗಿದೆ" ಎನ್ನುವರು. ಅತ್ತೆಯವರು ನನ್ನ ಅಡಿಗೆಯನ್ನು ತಪ್ಪಿಲ್ಲದೆ ಹೊಗಳಲು ತೊಡಗಿದಾಗಲೇ ನನಗೆ ಹೆದರಿಕೆಯಾಗಿದ್ದು. ರಾತ್ರಿ ಮಲಗುವ ಮುಂಚೆ ಮಗನಿಗೆ ಒಂದೇ ಮಾತು: "ಮಂಗಳಾ ಎಕ್ಸ್‌ಪ್ರೆಸ್ಸಿಗೆ ನನ್ನದೊಂದು ಟಿಕೀಟು ಮಾಡಿಸು."

ಹೀಗಿರುವಾಗ 2024ರ ಡಿಸೆಂಬರಿನಲ್ಲಿ ನೋಯ್ಡಾದ ಒಂದು ಕನ್ನಡ ಕುಟುಂಬ ಬೆಂಗಳೂರಿಗೆ ವರ್ಗವಾಗಿ ಹೊರಟಿತು. ಮನೆ ಖಾಲಿ ಮಾಡುವವರು ಸಾಮಾನು ಹಂಚುವುದು ನಮ್ಮಲ್ಲಿ ರೂಢಿಯಷ್ಟೆ. ಒಬ್ಬರಿಗೆ ಕೂಲರು, ಒಬ್ಬರಿಗೆ ತುಳಸಿಗಿಡ; ನಮ್ಮ ಪಾಲಿಗೆ ಬಂದದ್ದು ರೊಟ್ಟಿಯಂತ್ರ. ಅವರು ಹಿಂದೆ ಮೂರು ವರ್ಷ ಜಪಾನಿನಲ್ಲಿದ್ದಾಗ ಕೊಂಡದ್ದು. ಅಕ್ಕಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೊಂದು ಪಾತ್ರೆ, ಪಾತ್ರೆಯ ತಳದಲ್ಲಿ ತಿರುಗುವ ಸಣ್ಣ ರೆಕ್ಕೆ, ಸುತ್ತ ಶಾಖ ಕೊಡುವ ತಂತಿ. ಜಪಾನಿನ ವಿದ್ಯುತ್ತು 100 ವೋಲ್ಟು, ನಮ್ಮದು 230. ನೇರವಾಗಿ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಜೊತೆಗೆ ಕೊಟ್ಟಿದ್ದ ಇಟ್ಟಿಗೆಭಾರದ ಟ್ರಾನ್ಸ್‌ಫಾರ್ಮರನ್ನು ನಾನೇ ಜೋಡಿಸಿದೆ. ಬಿ.ಎಸ್ಸಿ. ಮಾಡಿದ್ದು ಇಷ್ಟಕ್ಕಾದರೂ ಆಯಿತಲ್ಲ ಎಂದರು ನಮ್ಮವರು.

ಮಗಳದ್ದು ಒಂದೇ ಹಟ: ಸಿನಮನ್ ರೋಲು ಮಾಡಬೇಕು. ಸಾಕೇತದ ಮಾಲಿನಲ್ಲಿ ಗೆಳತಿಯರೊಡನೆ ತಿಂದು ಬಂದಿದ್ದಳು. ತಿನ್ನದವರಿಗಾಗಿ ಹೇಳುತ್ತೇನೆ: ಮೈದಾಹಿಟ್ಟನ್ನು ಹಾಲು, ಬೆಣ್ಣೆ, ಸಕ್ಕರೆ, ಯೀಸ್ಟ್ ಹಾಕಿ ನಾದಿ, ಉಬ್ಬಿಸಿ, ಲಟ್ಟಿಸಿ, ಮೇಲೆ ಬೆಣ್ಣೆ ಸವರಿ, ಸಕ್ಕರೆಯನ್ನೂ ಚಕ್ಕೆಯ ಪುಡಿಯನ್ನೂ ಉದುರಿಸಿ, ಚಾಪೆಯ ಹಾಗೆ ಸುತ್ತಿ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಬೇಯಿಸಿದ ಸಿಹಿ ಬನ್ನು. ಸ್ವೀಡನ್ನಿನವರಿಗೆ ಇದರ ಮೇಲೆ ಎಷ್ಟು ಅಭಿಮಾನವೆಂದರೆ 1999ರಿಂದ ಪ್ರತಿವರ್ಷ ಅಕ್ಟೋಬರ್ 4ನ್ನು ಈ ಬನ್ನಿನ ದಿನವೆಂದೇ ಆಚರಿಸುತ್ತಾರೆ. ಹಿಟ್ಟು ನಾದಿ ಉಬ್ಬಿಸುವ ತನಕ ಯಂತ್ರದ ಕೆಲಸ, ಸುತ್ತುವುದು, ಕತ್ತರಿಸುವುದು ನಮ್ಮದು, ಬೇಯಿಸುವುದು ಓವನ್ನಿನದು.

ಜನವರಿಯ ಒಂದು ಭಾನುವಾರ ಶುರು ಮಾಡಿದೆ. ದಿಲ್ಲಿಯ ಜನವರಿ ನಿಮಗೆ ಗೊತ್ತೇ ಇದೆ. ಬೆಳಗಿನ ಹೊತ್ತು 5–6 ಡಿಗ್ರಿ, ಮನೆಯೊಳಗೆ ಕಾಲಿಟ್ಟರೆ ನೆಲ ಕಚ್ಚುತ್ತದೆ. ಇಡ್ಲಿಹಿಟ್ಟಿನ ಪಾತ್ರೆಗೆ ರಜಾಯಿ ಹೊದೆಸಿ, ಅದು ಮೂರನೆಯ ದಿನಕ್ಕೂ ಉಕ್ಕದೆ, ಕಡೆಗೆ ದೋಸೆ ಹೊಯ್ದು ಮುಗಿಸಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಈ ಚಳಿಗೆ ಯೀಸ್ಟು ಏಳಲಾರದೆಂದು ನಾನು ಅತಿ ಜಾಣತನ ಮಾಡಿ ಹಾಲನ್ನು ಚೆನ್ನಾಗಿ ಕಾಯಿಸಿ, ಹಬೆಯಾಡುತ್ತಿರುವಾಗಲೇ ಪಾತ್ರೆಗೆ ಸುರಿದೆ. ಮೈದಾ ಹಾಕಿದೆ, ಯೀಸ್ಟು ಹಾಕಿದೆ, ಗುಂಡಿ ಒತ್ತಿದೆ. ಒಂದೂವರೆ ಗಂಟೆ ಯಂತ್ರ ಗುರುಗುಟ್ಟಿ ಕಡೆಗೆ ಪೀಂ ಎಂದಿತು. ತೆರೆದು ನೋಡಿದರೆ ಹಿಟ್ಟು ಹಾಕಿದಷ್ಟೇ ಇದೆ, ಮುದ್ದೆಯಾಗಿ ತಳ ಹಿಡಿದು ಕೂತಿದೆ. ಆದರೂ ಬಿಡದೆ ಸುತ್ತಿ ಬೇಯಿಸಿದೆ. ಮಗಳು ಒಂದನ್ನು ಕಚ್ಚಿ, ಸದ್ದಿಲ್ಲದೆ ತಟ್ಟೆಯಲ್ಲಿಟ್ಟಳು.

ಆಗ ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು. ತಿಂಗಳುಗಳ ಮೇಲೆ ಮೊದಲ ಸಲ. ಒಳಗೆ ಬಂದು ಒಂದು ರೋಲನ್ನು ಬೆರಳಿನಿಂದ ಒತ್ತಿ ನೋಡಿದರು.

"ಇದೆಂತ ಮಾರಾಯ್ತಿ, ಕಲ್ಲಿನ ಹಾಗೆ ಉಂಟಲ್ಲ! ಎಂತ ಹಾಕಿದ್ದಿ ಉಬ್ಬಲಿಕ್ಕೆ?"

ಯೀಸ್ಟಿನ ಡಬ್ಬಿ ತೋರಿಸಿದೆ. ಜೀವವಿರುವ ವಸ್ತು ಅತ್ತೆ, ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಗೆ ಹಿಟ್ಟು ಉಬ್ಬುತ್ತದೆ ಎಂದು ವಿವರಿಸಿದೆ.

"ಜೀವ ಇರುವುದಾ? ಹಾಗಾದರೆ ಹಾಲು ಎಷ್ಟು ಬಿಸಿ ಇತ್ತು?"

ಹೇಳಿದೆ. ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. "ಮೊಸರಿಗೆ ಹೆಪ್ಪು ಹಾಕುವಾಗ ಅಷ್ಟು ಬಿಸಿ ಹಾಲಿಗೆ ಹಾಕ್ತೀಯಾ? ಹೆಪ್ಪು ಸಾಯುದಿಲ್ವಾ?"

ಪದವಿಯಲ್ಲಿ ನಾನು ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂದು ಅದರ ಹೆಸರು ಬಾಯಿಪಾಠ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು ಅಂಕ ಪಡೆದವಳು. ಹದ ಬಿಸಿಯಲ್ಲಿ ಚುರುಕು, 10 ಡಿಗ್ರಿಯ ಕೆಳಗೆ ಜಡ, 60ರ ಹತ್ತಿರಕ್ಕೆ ಹೋದರೆ ಸಾವು ಎಂಬುದು ನನಗೆ ತಿಳಿಯದ್ದಲ್ಲ. ತಿಳಿದದ್ದು ಕೈಗೆ ಬರಲಿಲ್ಲ ಅಷ್ಟೆ. ಯೀಸ್ಟೆಂಬ ಹೆಸರನ್ನು ಆವತ್ತೇ ಕೇಳಿದ ಅತ್ತೆಗೆ ಅದು ಕೈಯಲ್ಲೇ ಇತ್ತು.

ಅಷ್ಟಕ್ಕೇ ಬಿಡಲಿಲ್ಲ. ಚಕ್ಕೆಪುಡಿಯ ಡಬ್ಬಿ ಮೂಸಿ, "ಇದು ಚಕ್ಕೆಯಾ ಸೌದೆಯಾ?" ಎಂದರು. ಅವರ ಮನೆಯ ಹಿಂದಿನ ಗುಡ್ಡದಲ್ಲಿ ದಾಲ್ಚಿನ್ನಿ ಮರವೊಂದಿತ್ತಂತೆ. ಎಳೆಯ ಕೊಂಬೆಯ ತೊಗಟೆ ಸುಲಿದು ನೆರಳಲ್ಲಿ ಒಣಗಿಸಿದರೆ ಕಾಗದದಂತೆ ತೆಳ್ಳಗೆ ಸುರುಳಿಯಾಗುತ್ತಿತ್ತಂತೆ. ಮರುವಾರ ನಾನು ಚಾವಡಿ ಬಜಾರಿನಲ್ಲಿ ಮೆಟ್ರೋ ಇಳಿದು, ರಿಕ್ಷಾ ಹಿಡಿದು, ಖಾರಿ ಬಾವಲಿಯ ಮಸಾಲೆ ಮಾರುಕಟ್ಟೆಗೆ ಹೋದೆ. ಮೆಣಸಿನ ಘಾಟಿಗೆ ಸೀನುತ್ತಾ ಕೇಳಿದ ಮೇಲೆ ತಿಳಿಯಿತು, ನಾವು ಸಾಮಾನ್ಯವಾಗಿ ದಾಲ್ಚಿನ್ನಿಯೆಂದು ಕೊಳ್ಳುವ ದಪ್ಪನೆಯ, ಗಟ್ಟಿಯಾದ, ಒಂದೇ ಪದರದ ತೊಗಟೆ ನಿಜವಾಗಿ ಕ್ಯಾಸಿಯಾ ಎಂಬ ಅದರ ದಾಯಾದಿ. ಖಾರ ಹೆಚ್ಚು, ಬೆಲೆ ಕಡಿಮೆ. ಅದರಲ್ಲಿ ಕೂಮರಿನ್ ಎಂಬ ವಸ್ತುವಿದ್ದು, ಹೆಚ್ಚಾಗಿ ದಿನವೂ ತಿಂದರೆ ಯಕೃತ್ತಿಗೆ ಒಳ್ಳೆಯದಲ್ಲ. ನಿಜವಾದ ದಾಲ್ಚಿನ್ನಿ ಶ್ರೀಲಂಕೆಯದು. ಪದರದ ಮೇಲೆ ಪದರ ಸುತ್ತಿಕೊಂಡು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಂಥದು. 1505ರಲ್ಲಿ ಪೋರ್ಚುಗೀಸರು ಆ ದ್ವೀಪಕ್ಕೆ ಬಂದಿಳಿದರು. ಬಳಿಕ ಡಚ್ಚರು ಬಂದರು. 1796ರಲ್ಲಿ ಇಂಗ್ಲಿಷರು ಅವರನ್ನೂ ಅಲ್ಲಿಂದ ಕದಲಿಸಿದರು. ಮೂವರ ಕಣ್ಣೂ ಇದ್ದದ್ದು ಈ ತೊಗಟೆಯ ವ್ಯಾಪಾರದ ಮೇಲೆ. ನಾನು ತಂದದ್ದು 100 ಗ್ರಾಮು. ಅತ್ತೆ ಮೂಸಿ ತಲೆಯಾಡಿಸಿದರು. ಪಾಸಾದೆನೆಂದು ತಿಳಿದೆ.

ಎರಡನೆಯ ಭಾನುವಾರ ಅತ್ತೆಗೆ ಕುರ್ಚಿ ತಂದು ಅಡಿಗೆಮನೆಯಲ್ಲೇ ಹಾಕಿದೆ. ಹಾಲಿಗೆ ಅವರು ಕಿರುಬೆರಳು ಅದ್ದಿ, "ಹೂಂ, ಈಗ" ಎಂದರು. ನಾನು ಥರ್ಮಾಮೀಟರು ಇಟ್ಟು ನೋಡಿದೆ: 38 ಡಿಗ್ರಿ. ಕೇಳಿದವರಿಗೆ ಅನುಕೂಲವಾಗಲೆಂದು ಅಳತೆ ಹೇಳುತ್ತೇನೆ. 240 ಮಿಲಿಲೀಟರು ಹಾಲು, 50 ಗ್ರಾಮು ಬೆಣ್ಣೆ, 50 ಗ್ರಾಮು ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು, ಇವುಗಳ ಮೇಲೆ 400 ಗ್ರಾಮು ಮೈದಾ. ಹಿಟ್ಟಿನ ನಡುವೆ ಗುಳಿ ಮಾಡಿ ಅದರಲ್ಲಿ ಒಂದೂವರೆ ಚಿಕ್ಕ ಚಮಚ ಯೀಸ್ಟು. ಯೀಸ್ಟು ಮೊದಲೇ ಉಪ್ಪಿಗೆ ತಾಗಬಾರದು. ಮೊಟ್ಟೆ ಹಾಕುವವರಿದ್ದಾರೆ, ನಾವು ಹಾಕಲಿಲ್ಲ.

ಯಂತ್ರ ನಾದಲು ತೊಡಗಿ ಹತ್ತು ನಿಮಿಷವಾದಾಗ ಅತ್ತೆ ಮುಚ್ಚಳ ತೆಗೆಯಲು ಹೇಳಿದರು. ನಡುಗುವ ಬೆರಳಿನಿಂದಲೇ ಹಿಟ್ಟು ಚಿವುಟಿ, "ಇನ್ನೆರಡು ಚಮಚ ಹಾಲು" ಎಂದರು. ಅಳತೆ ಪ್ರಕಾರವೇ ಹಾಕಿದ್ದೇನೆ ಅತ್ತೆ ಎಂದರೆ, "ಅಳತೆ ನಿನ್ನದು, ಮೈದಾ ಅಂಗಡಿಯದು" ಎಂಬ ಉತ್ತರ. ನಿಜವೇ, ಚೀಲದಿಂದ ಚೀಲಕ್ಕೆ ಮೈದಾ ನೀರು ಹೀರುವ ಪ್ರಮಾಣ ಬೇರೆಯಾಗುತ್ತದೆ. ಇನ್ನೈದು ನಿಮಿಷ ಬಿಟ್ಟು ಮೊಮ್ಮಗಳನ್ನು ಕರೆದು, "ನಿನ್ನ ಕಿವಿಯ ತುದಿ ಮುಟ್ಟಿ ನೋಡು, ಆಮೇಲೆ ಇದನ್ನು ಮುಟ್ಟು. ಎರಡೂ ಒಂದೇ ಆದರೆ ಹದ ಬಂತು. ಹೋಳಿಗೆಯ ಕಣಕಕ್ಕೂ ಇದೇ ಲೆಕ್ಕ" ಎಂದರು. ಮಗಳು ಕಿವಿಯನ್ನೂ ಹಿಟ್ಟನ್ನೂ ಮುಟ್ಟಿಕೊಳ್ಳುತ್ತಾ ನಕ್ಕಳು, ಕಿವಿಗೆಲ್ಲ ಮೈದಾ.

ಈ ಸಲ ಹಿಟ್ಟು ಪಾತ್ರೆ ತುಂಬ ಉಬ್ಬಿ ಬಂತು. ಲಟ್ಟಿಸಿ ಹಾಸಿದೆ. ಸಕ್ಕರೆಯ ಬದಲು ಬೆಲ್ಲದ ಪುಡಿ ಹಾಕೆಂದರು ಅತ್ತೆ. ಬೆಲ್ಲ ಕರಗಿ ಸೋರದಿರಲೆಂದು ಜೊತೆಗೆ ಒಂದು ಚಮಚ ಅಕ್ಕಿಹಿಟ್ಟು. ಸುತ್ತಲು ಹೊರಟಾಗ ನನ್ನನ್ನು ತಡೆದರು. "ಪತ್ರೊಡೆ ಸುತ್ತುದಿಲ್ವಾ, ಹಾಗೆ. ಮೊದಲ ಸುತ್ತು ಬಿಗಿ ಇರಬೇಕು. ಅದು ಸಡಿಲ ಆದರೆ ಎಲ್ಲ ಸಡಿಲವೇ." ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿದ ಕೈಗೆ ಸ್ವೀಡನ್ನಿನ ಬನ್ನು ಅಪರಿಚಿತವಾಗಲಿಲ್ಲ. ನಾನು ಚಾಕು ತೆಗೆದೆ. ಅದನ್ನೂ ಬೇಡವೆಂದರು, ಒತ್ತಿದರೆ ಸುರುಳಿ ಚಪ್ಪಟೆಯಾಗುತ್ತದೆ, ನೂಲು ತಾ ಎಂದರು. ನೂಲನ್ನು ಸುರುಳಿಯ ಅಡಿಯಿಂದ ತಂದು, ಮೇಲೆ ಎರಡು ತುದಿ ಅಡ್ಡ ಮಾಡಿ ಎಳೆದರೆ ಬಿಲ್ಲೆ ದುಂಡಗೆ ಬೀಳುತ್ತದೆ.

ಮೊದಲನೆಯದನ್ನು ನಾನು ಎಳೆದೆ. ಆಮೇಲೆ ಅತ್ತೆ ಕೈ ಚಾಚಿದರು. ನಾನು ಒಂದು ಕ್ಷಣ ತಡೆದೆ. ನಾಲಗೆಯ ತುದಿಗೆ ಮತ್ತೆ ಆ ಹಳೆಯ ಮಾತು ಬಂದಿತ್ತು. ನುಂಗಿಕೊಂಡು ನೂಲು ಕೊಟ್ಟೆ. ಚಾಕು ಹಿಡಿದ ಕೈ ನಡುಗಿದರೆ ಅಪಾಯ. ನೂಲಿಗೆ ಆ ಭಯವಿಲ್ಲ. ಎರಡು ಕೈಯಿಂದ ಎಳೆಯುವಾಗ ನೂಲು ಬಿಗಿಯಾಗಿ ಅವರ ನಡುಕವೂ ಅಷ್ಟರ ಮಟ್ಟಿಗೆ ನಿಂತಂತೆ ಕಂಡಿತು. ಉಳಿದ ಹನ್ನೊಂದನ್ನೂ ಅವರೇ ಕತ್ತರಿಸಿದರು. ತಟ್ಟೆಯಲ್ಲಿ ಜೋಡಿಸಿ, ಮತ್ತೆ ಮುಕ್ಕಾಲು ಗಂಟೆ ಉಬ್ಬಲು ಬಿಟ್ಟು, 180 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿದೆವು. ಚಕ್ಕೆ ಬೆಲ್ಲದ ವಾಸನೆ ಮೆಟ್ಟಿಲಿಳಿದು ಹೋಗಿ ಕೆಳಗಿನ ಮನೆಯ ಪಂಜಾಬಿ ಆಂಟಿಯನ್ನು ಕರೆದುಕೊಂಡು ಬಂತು. ಅತ್ತೆ ಒಂದು ತಿಂದು, "ಸಿಹಿ ಸ್ವಲ್ಪ ಜಾಸ್ತಿ" ಎಂದರು. ನನ್ನ ಜೀವ ಸಮಾಧಾನವಾಯಿತು. ಅತ್ತೆ ತಪ್ಪು ಹುಡುಕಲು ತೊಡಗಿದ್ದರು.

ಕೆಲವು ವರ್ಷದ ಹಿಂದೆ ಇಲಾಖೆಯ ತರಬೇತಿಯೊಂದಕ್ಕೆ ನಮ್ಮನ್ನು ಕಳಿಸಿದ್ದರು. ಅಲ್ಲಿ ಕೊಟ್ಟ ಕಾಗದಗಳಲ್ಲಿ ಇಕುಜಿರೊ ನೊನಾಕಾ ಎಂಬ ಜಪಾನೀ ವಿದ್ವಾಂಸರು 1991ರಲ್ಲಿ ಬರೆದ ಲೇಖನವೊಂದರ ಸಾರಾಂಶವಿತ್ತು. ಆಗ ಓದಿ ಮಡಿಸಿಟ್ಟದ್ದು ಈಗ ನೆನಪಾಯಿತು. 1985ರಲ್ಲಿ ಮತ್ಸುಶಿತಾ ಕಂಪನಿಯ ಎಂಜಿನಿಯರುಗಳು ಮನೆಬಳಕೆಯ ರೊಟ್ಟಿಯಂತ್ರ ಮಾಡಲು ಹೆಣಗುತ್ತಿದ್ದರಂತೆ. ಯಂತ್ರ ನಾದಿದ ಹಿಟ್ಟಿನ ರೊಟ್ಟಿ ಹೊರಗೆ ಸುಡುತ್ತಿತ್ತು, ಒಳಗೆ ಬೇಯುತ್ತಿರಲಿಲ್ಲ. ಯಂತ್ರದ ಹಿಟ್ಟನ್ನೂ ರೊಟ್ಟಿಗಾರನ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರೂ ಗುಟ್ಟು ತಿಳಿಯಲಿಲ್ಲ. ಕಡೆಗೆ ಇಕುಕೊ ತನಾಕಾ ಎಂಬಾಕೆ ಓಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ರೊಟ್ಟಿಗಾರನ ಬಳಿ ಹೋಗಿ ಶಿಷ್ಯೆಯಾಗಿ ನಿಂತರು. ಆತ ಹಿಟ್ಟನ್ನು ಬರಿದೆ ಎಳೆಯುತ್ತಿರಲಿಲ್ಲ, ಎಳೆಯುತ್ತಾ ತಿರುಚುತ್ತಿದ್ದ. ಹಾಗೆ ಮಾಡುತ್ತೇನೆಂದು ಅವನೂ ಮಾತಿನಲ್ಲಿ ಹೇಳಬಲ್ಲವನಲ್ಲ. ಪಕ್ಕದಲ್ಲಿ ನಿಂತು ಕೈ ನೋಡಿದವರಿಗೆ ಮಾತ್ರ ಕಾಣುವಂಥದು. ವರ್ಷದ ಪ್ರಯತ್ನದ ಮೇಲೆ, ಆ ತಿರುಚು ಬರುವಂತೆ ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು.

ಈ ಕಥೆಯನ್ನು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿ, "ಹಾಗಾದರೆ ಇದರ ಒಳಗೆ ಒಬ್ಬರ ಕೈ ಉಂಟು ಅಂತಾಯಿತು" ಎಂದರು. ಅಲ್ಲಿಗೆ ಯಂತ್ರದ ಮೇಲಿನ ಅವರ ಹಗೆ ತೀರಿತು. ನನಗೂ ಒಂದು ವಿಷಯ ಸ್ಪಷ್ಟವಾಯಿತು. ರೆಟ್ಟೆಯ ಬಲವನ್ನೂ ಹೊತ್ತಿನ ಲೆಕ್ಕವನ್ನೂ ಯಂತ್ರಕ್ಕೆ ಬಿಡಬಹುದು. ಹದ ಯಾವುದೆಂದು ಹೇಳುವವರು ಒಬ್ಬರು ಮನೆಯಲ್ಲಿ ಬೇಕೇ ಬೇಕು. ಅಂಥವರು ಇದ್ದೂ ಅವರನ್ನು ನಾನು ಕೂತಿರಿ ಎಂದಿದ್ದೆ.

ಇನ್ನೊಂದು ಸಂಗತಿ. ಅಜ್ಜಿ ಹೇಳಿದ ಅಳತೆಗಳನ್ನು ಮಗಳು ಬರೆದಿಟ್ಟಳು. ಕನ್ನಡವನ್ನೇ ಬರೆದಳು, ಆದರೆ ಹಿಂದಿ ಲಿಪಿಯಲ್ಲಿ. ದಿಲ್ಲಿಯಲ್ಲಿ ಬೆಳೆದ ನಮ್ಮ ಮಕ್ಕಳ ಪಾಡು ಇದೇ ಅಲ್ಲವೆ? ಅತ್ತೆ ಕನ್ನಡಕ ಏರಿಸಿ, ಚೀಟಿಯನ್ನು ತಿರುಗಿಸಿ ನೋಡಿ, "ನನಗೆ ಓದಲಿಕ್ಕೆ ಬರುವ ಹಾಗೆ ಬರೆ" ಎಂದರು. ಬರೆದು ತೋರಿಸೋಣವೆಂದರೆ ಅವರ ಕೈ ಪೆನ್ನು ಹಿಡಿಯದು. ಬಾಯಲ್ಲೇ ಹೇಳಿಕೊಟ್ಟರು, ನಾನು ಮಾದರಿ ಬರೆದೆ. ಹಾಲು, ಮೈದಾ ಸಲೀಸಾಗಿ ಬಂದವು. ಆಮೇಲೆ ಬಂತು ನೋಡಿ ಕಷ್ಟ: ಬೆಣ್ಣೆ, ಉಪ್ಪು, ಸಕ್ಕರೆ, ಬೆಲ್ಲ, ಚಕ್ಕೆ. ಒಂದಕ್ಕೂ ಒತ್ತಿಲ್ಲದೆ ಇಲ್ಲ! ಮಗಳು ಪೆನ್ನು ಕುಕ್ಕಿ, "ಎಲ್ಲದಕ್ಕೂ ಯಾಕಜ್ಜಿ ಕೆಳಗೊಂದು ಬಾಲ?" ಎಂದಳು. ಅತ್ತೆ, "ಹಿಟ್ಟಿಗೂ ಒತ್ತು ಬೇಕು, ಅಕ್ಷರಕ್ಕೂ ಒತ್ತು ಬೇಕು. ಒತ್ತದಿದ್ದರೆ ಎರಡೂ ಸರಿಯಾಗುದಿಲ್ಲ" ಎಂದರು. ಆ ಚೀಟಿ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. "ಸಕರೆ" ಎಂದಿದ್ದುದನ್ನು ತಿದ್ದಿ ಒತ್ತು ಕೊಟ್ಟ ಗುರುತೂ ಅದರಲ್ಲಿದೆ.

ಕೈಯ ನಡುಕ ಹೋಗಿಲ್ಲ. ಹೋಗುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದಾರೆ. ಕೆಲವು ಭಾನುವಾರ ನೂಲೂ ಹಿಡಿಯಲಾಗುವುದಿಲ್ಲ. ಆಗ ಕುರ್ಚಿಯಲ್ಲಿ ಕೂತು ಕಣ್ಣಿನಿಂದಲೇ ಕೆಲಸ ನಡೆಸುತ್ತಾರೆ. ಬೇಸಿಗೆ ಬಂದಾಗ ಹಿಟ್ಟು ಹೇಳಿದ ಹೊತ್ತಿಗಿಂತ ಮೊದಲೇ ಉಕ್ಕಿ ಹುಳಿಯಾಗುವುದೆಂದು, ತಣ್ಣನೆಯ ಹಾಲು ಹಾಕಿಸಿದವರೂ ಅವರೇ. ಅದೇ ಯಂತ್ರದಲ್ಲಿ ಹೋಳಿಗೆಯ ಕಣಕವನ್ನೂ ನಾದಿಸಿದ್ದಾಯಿತು. ಯುಗಾದಿಯ ದಿನ ಬಂದ ನೆಂಟರಿಗೆ ಗುಟ್ಟು ಹೇಳಬಾರದೆಂದು ನನಗೆ ಕಟ್ಟಪ್ಪಣೆಯಾಗಿತ್ತು. ಇಲ್ಲಿ ಬರೆದು ಅದನ್ನು ಮುರಿದಿದ್ದೇನೆ.

ಊರಿನ ಟಿಕೀಟಿನ ಮಾತು ನಿಂತಿತೆಂದು ಹೇಳಿದರೆ ಸುಳ್ಳಾದೀತು. ಮಳೆಗಾಲದ ಸುದ್ದಿ ಫೋನಿನಲ್ಲಿ ಬಂದರೆ, ಮನೆಯ ಹೆಂಚು ಏನಾಯಿತೋ, ಗುಡ್ಡದ ಮರ ಏನಾಯಿತೋ ಎಂದು ಅತ್ತೆಗೆ ಈಗಲೂ ನಿದ್ದೆ ಬರುವುದಿಲ್ಲ. ಮೊನ್ನೆ ರಾತ್ರಿಯೂ ಮಗನನ್ನು ಕರೆದು ಮಂಗಳಾ ಎಕ್ಸ್‌ಪ್ರೆಸ್ಸಿನ ವಿಷಯ ತೆಗೆದರು. ನಾನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

"ಹೋಗುವುದು ಮಾತ್ರ ಅಲ್ಲ ಮಾರಾಯ, ಬರುವುದೂ ಸೇರಿಸಿ ಮಾಡಿಸು" ಎನ್ನುತ್ತಿದ್ದರು.